ಹೌಸ್‌ಫುಲ್, ಒಳಗೆ ಬನ್ನಿ

ಮಂಗಳೂರಿನಲ್ಲಿ ತುಳು ನಾಟಕದ ಟಿಕೆಟನ್ನು ನಾವು ಹುಡುಕಿಕೊಂಡು ಹೋಗಬೇಕೆಂದಿಲ್ಲ. ಎಷ್ಟೋ ಸಲ ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಯಾವುದೋ ಸಂಘದವರು ಸಹಾಯಾರ್ಥ ಪ್ರದರ್ಶನ ಇಟ್ಟಿರುತ್ತಾರೆ. ಭಾನುವಾರ ಬೆಳಿಗ್ಗೆ ಟಿಕೆಟ್ ಪುಸ್ತಕ ಹಿಡಿದು ಅಂಗಳಕ್ಕೆ ಬರುತ್ತಾರೆ. ಬಂದವರಲ್ಲಿ ಒಬ್ಬರಾದರೂ ಹೆಂಡತಿ ಕಡೆಯವರು ಇದ್ದೇ ಇರುತ್ತಾರೆ. ಬೇಡ ಅನ್ನಲಿಕ್ಕಾಗುತ್ತದಾ? ದುಡ್ಡು ಕೊಟ್ಟು, ಟಿಕೆಟನ್ನು ಫ್ರಿಜ್ಜಿನ ಮೇಲೆ ಇಡುತ್ತೇವೆ. ನಾಟಕದ ದಿನವೂ ಅದು ಅಲ್ಲೇ ಇರುತ್ತದೆ.

ಹೀಗೆ ಊರಿಡೀ ಫ್ರಿಜ್ಜಿನ ಮೇಲೆ ಟಿಕೆಟ್ ಕೂತಾಗ ಹಾಲ್ ಎದುರು ‘ಹೌಸ್‌ಫುಲ್’ ಬೋರ್ಡ್ ಏಳುತ್ತದೆ. ಸುಳ್ಳಲ್ಲ. ಟಿಕೆಟ್ ಅಷ್ಟೂ ಹೋಗಿದೆ. ಕುರ್ಚಿಯ ಲೆಕ್ಕ ಬೇರೆ.

ಇಂಗ್ಲಿಷ್ ರಂಗಭೂಮಿಯವರ ಸಂಕಟ ಇದರ ತಿರುಗುಮುರುಗು. ಅಲ್ಲಿ ‘ಹೌಸ್’ ಅಂದರೆ ಪ್ರೇಕ್ಷಕರು ಕೂರುವ ಜಾಗ. ಟಿಕೆಟ್ ಹೋಗದಿದ್ದರೆ ಪುಕ್ಕಟೆ ಹಂಚಿ ಕುರ್ಚಿ ತುಂಬಿಸುತ್ತಾರೆ. ಅದಕ್ಕೆ ‘ಪೇಪರಿಂಗ್’ ಅಂತ ಹೆಸರು. ಅವರಲ್ಲಿ ಜನ ಉಂಟು, ದುಡ್ಡಿಲ್ಲ. ನಮ್ಮಲ್ಲಿ ದುಡ್ಡು ಉಂಟು, ಜನ ಇಲ್ಲ.

ಯಕ್ಷಗಾನಕ್ಕೆ ಈ ತಾಪತ್ರಯ ಕಡಿಮೆ. ಡೇರೆ ಹಾಕಿ ಟಿಕೆಟಿಟ್ಟು ಆಡುವ ಮೇಳದಲ್ಲಿ ಆರಾಮ ಕುರ್ಚಿಗೆ ಒಂದು ದರ, ನೆಲಕ್ಕೆ ಒಂದು ದರ ಇರುತ್ತಿತ್ತು. ನೆಲ ಎಲ್ಲಾದರೂ ಹೌಸ್‌ಫುಲ್ ಆಗುತ್ತದಾ? ಸ್ವಲ್ಪ ಒತ್ತಿ ಕೂತರಾಯಿತು. ಬಯಲಾಟಕ್ಕಂತೂ ಹೌಸೇ ಇಲ್ಲ, ಟಿಕೆಟೂ ಇಲ್ಲ. ಆದರೂ ಕಟೀಲು ದೇವಸ್ಥಾನದ ಮೇಳದಿಂದ ಹರಕೆ ಆಟ ಆಡಿಸಲಿಕ್ಕೆ ಇವತ್ತು ಹೆಸರು ಕೊಟ್ಟರೆ ಪಾಳಿ ಬರಲಿಕ್ಕೆ ವರ್ಷಗಟ್ಟಲೆ ಕಾಯಬೇಕು. ನನ್ನನ್ನು ಕೇಳಿದರೆ ಹೌಸ್‌ಫುಲ್ ಅಂದರೆ ಅದು.

ಇರಲಿ. ಕಳೆದ ಮಳೆಗಾಲದ ಮೊದಲು ನಾವು ಫ್ರಿಜ್ಜಿನ ಮೇಲಿನ ಟಿಕೆಟ್ ಹಿಡಿದು ನಿಜಕ್ಕೂ ನಾಟಕಕ್ಕೆ ಹೊರಟೆವು. ಹೊರಡುವಾಗ ಚಿಕ್ಕಮ್ಮ ಬಂದರು. ಅವರಿಗೆ ಟಿಕೆಟ್ ಇಲ್ಲ. ಅಲ್ಲೇ ತೆಗೆದುಕೊಂಡರಾಯಿತು ಅಂದುಕೊಂಡು ಹೋದರೆ ಗೇಟಿನಲ್ಲೇ ಬೋರ್ಡ್. ನಾನು ಕೌಂಟರಿನ ಹುಡುಗನಲ್ಲಿ ಕೇಳಿದೆ.

“ಟಿಕೆಟ್ ಇಲ್ಲ ಸರ್, ಹೌಸ್‌ಫುಲ್.”

“ಹಾಗಾದ್ರೆ ಇವರು ಎಂತ ಮಾಡುವುದು ಮಾರಾಯ?”

“ಅಮ್ಮ ಒಳಗೆ ಹೋಗಲಿ. ಸೀಟು ಬೇಕಾದಷ್ಟು ಉಂಟು.”

“ದುಡ್ಡು?”

“ಟಿಕೆಟೇ ಇಲ್ಲ, ದುಡ್ಡು ಹೇಗೆ ತೆಗೊಳ್ಳುವುದು ಸರ್?”

ಒಳಗೆ ನೋಡಿದರೆ ಅರ್ಧ ಹಾಲ್ ಖಾಲಿ. ನಮ್ಮ ಟಿಕೆಟಿಗೆ ನಂಬರ್ ಇತ್ತು, ಹಿಂದಿನಿಂದ ಎರಡನೇ ಸಾಲು. ಎದುರು ಖಾಲಿ ಇದ್ದರೂ ಬ್ಯಾಡ್ಜಿನವರು ನಂಬರ್ ನೋಡಿ ನಮ್ಮನ್ನು ಅಲ್ಲೇ ಕೂರಿಸಿದರು. ಚಿಕ್ಕಮ್ಮನಿಗೆ ನಂಬರಿನ ಹಂಗಿಲ್ಲವಲ್ಲ. ಅತಿಥಿಗಳ ಸಾಲು ಬೋಳಾಗಿ ಕಾಣುತ್ತದೆಂದು ಅವರನ್ನು ಸೀದಾ ಎದುರಿಗೆ ಕರೆದುಕೊಂಡು ಹೋದರು. ಸಭಾ ಕಾರ್ಯಕ್ರಮ ಎಂದಿನಂತೆ ಮುಗಿಯಲೇ ಇಲ್ಲ. ನಾವು ಆಕಳಿಸುವಾಗ ಎದುರಿನ ಸಾಲಿಗೆ ಬಾದಾಮಿ ಹಾಲು ಬಂತು. ಚಿಕ್ಕಮ್ಮ ಲೋಟ ಎತ್ತಿ ಹಿಂದೆ ತಿರುಗಿ, ನಿಮಗೆ ಬಂತಾ ಎಂದು ಕೈಸನ್ನೆಯಲ್ಲಿ ಕೇಳಿದರು.

ಈಗ ಟಿಕೆಟ್ ಪುಸ್ತಕದವರು ಅಂಗಳಕ್ಕೆ ಬಂದರೆ ಮೊದಲು ಎದ್ದು ಅವರೆದುರು ಹೋಗುವುದು ಚಿಕ್ಕಮ್ಮನೇ.

“ನನಗೆ ಬೇಡ ಮಗಾ. ನಿಮ್ಮದು ಹೌಸ್‌ಫುಲ್ ಆದ ಮೇಲೆ ಒಂದು ಫೋನ್ ಮಾಡು.”