ಬೆಲ್ಲ ಒಲ್ಲದ ಬೆಕ್ಕು

ಮದುವೆಯ ಊಟದಲ್ಲಿ ಎರಡನೇ ಒಬ್ಬಟ್ಟು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ ಸಾಕು, ಪಕ್ಕದವರು ದನಿ ತಗ್ಗಿಸಿ ಕೇಳುತ್ತಾರೆ: 'ಶುಗರ್ ಇದೆಯೇ?' ಇಲ್ಲವೆಂದರೆ ನಂಬುವುದಿಲ್ಲ. ತಾವು ನುಂಗುವ ಮಾತ್ರೆಯ ಹೆಸರು ಹೇಳಿ ಧೈರ್ಯ ತುಂಬುತ್ತಾರೆ. ಹಾಗಲಕಾಯಿ ಗೊಜ್ಜು ಒಲ್ಲೆನೆಂದವನಿಗೆ ಮಾತ್ರ ಯಾವ ರೋಗವನ್ನೂ ಯಾರೂ ಅಂಟಿಸುವುದಿಲ್ಲ.

ನನಗೆ ಸಿಹಿ ಸೇರದಿರುವುದು ನಮ್ಮ ಚಿಕ್ಕಮ್ಮನ ಪ್ರಕಾರ ವಂಶದೋಷ. 'ನಿಮ್ಮ ಅಪ್ಪನ ಕಡೆಯವರೆಲ್ಲ ಹೀಗೆಯೇ ಕಣೋ.' ಅವಳಿಗಳನ್ನು ಅಧ್ಯಯನ ಮಾಡಿದವರು ಸಿಹಿಯ ಆಸೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ವಂಶವಾಹಿಗಳ ಕೊಡುಗೆ ಸುಮಾರು ಶೇ 30 ಎಂದಿದ್ದಾರೆ. ಚಿಕ್ಕಮ್ಮ ನೂರಕ್ಕೆ ನೂರನ್ನೂ ಅಪ್ಪನ ಲೆಕ್ಕಕ್ಕೇ ಬರೆದಿದ್ದಾರೆ. ವಂಶವೆಂದರೆ ಬೆಕ್ಕಿನದು ನೋಡಿ ಎಂದೆ. ನಾಲಿಗೆಯಲ್ಲಿ ಸಿಹಿಯನ್ನು ಹಿಡಿಯಲು ಎರಡು ಪ್ರೋಟೀನುಗಳು ಜೋಡಿಯಾಗಬೇಕು. ಬೆಕ್ಕಿನಲ್ಲಿ ಅವುಗಳಲ್ಲೊಂದರ ವಂಶವಾಹಿ ಎಂದೋ ಕೆಟ್ಟು ಕುಳಿತಿದೆ ಎಂಬುದು 2005ರಲ್ಲಿ ಗೊತ್ತಾಯಿತು. ಹುಲಿಗೂ ಅದೇ ಗತಿ.

'ನಮ್ಮ ಬೆಕ್ಕು ಪೇಡ ತಿನ್ನುತ್ತದಲ್ಲ!' ಎಂದರು ಚಿಕ್ಕಮ್ಮ. ಪರೀಕ್ಷೆಯೇ ಆಗಲೆಂದು ಅಡುಗೆಮನೆಯ ಹೊಸ್ತಿಲಿನ ಬಳಿ ಬೆಣ್ಣೆ, ಧಾರವಾಡ ಪೇಡ, ಬೆಲ್ಲದ ಚೂರು ಮೂರನ್ನೂ ಸಾಲಾಗಿ ಇಟ್ಟೆವು. ಬೆಕ್ಕು ಬೆಣ್ಣೆಯನ್ನು ನೆಕ್ಕಿ ನೆಲ ಹೊಳೆಯುವಂತೆ ಮಾಡಿತು. ಪೇಡವನ್ನು ಮೂಸಿ, ಕಾಲಿನಿಂದ ಉರುಳಿಸಿ, ಮೇಲಿನ ಸಕ್ಕರೆ ಪುಡಿ ಉದುರಿದ ಮೇಲೆ ಖೋವಾ ಕಚ್ಚಿತು. ಬೆಲ್ಲವನ್ನು ದಾಟಿಕೊಂಡು ಹೋಗಿ ಕಿಟಕಿಯ ಮೇಲೆ ಕುಳಿತು ಮೀಸೆ ಒರೆಸಿಕೊಂಡಿತು. ಅಷ್ಟರಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿತ್ತು.

'ಪಾಪ, ಅದಕ್ಕೆ ಬೆಲ್ಲದ ಉಷ್ಣ ಆಗಿಬರುವುದಿಲ್ಲ' ಎಂದು ಚಿಕ್ಕಮ್ಮ ತೀರ್ಪು ಕೊಟ್ಟರು. ನನಗೇಕೆ ಆ ರಿಯಾಯಿತಿ ಇಲ್ಲವೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ವಂಶದ ಪಾಲು ಕಳೆದು ಉಳಿದದ್ದರಲ್ಲಿ ಅಭ್ಯಾಸದ್ದೂ ದೊಡ್ಡ ಪಾಲಂತೆ. ಎಳೆಯದರಲ್ಲಿ ಸಕ್ಕರೆ ನೀರು ಕುಡಿದು ಬೆಳೆದ ಮಕ್ಕಳು ಎರಡು ವರ್ಷವಾದಾಗಲೂ ಸಿಹಿನೀರಿಗೇ ಹೆಚ್ಚು ಬಾಯಿ ಹಾಕುತ್ತವೆಯಂತೆ. ಇದನ್ನು ನಂಬಲು ನನಗೆ ಪ್ರಯೋಗಾಲಯ ಬೇಕಿಲ್ಲ, ಚಿಕ್ಕಮ್ಮನ ಮನೆಯ ಹುಳಿ ಸಾಕು. ಒಂದು ಹೊತ್ತಿನ ಹುಳಿಗೆ ಅವರು ಹಾಕುವ ಬೆಲ್ಲದಲ್ಲಿ ನಮ್ಮ ಮನೆಯ ಯುಗಾದಿ ಮುಗಿಯುತ್ತದೆ. ಅದನ್ನೇ ಉಂಡು ಬೆಳೆದ ಅವರ ಮಕ್ಕಳು ನಮ್ಮ ಮನೆಗೆ ಬಂದರೆ ಸಾರಿಗೆ ಸಕ್ಕರೆ ಕೇಳುತ್ತಾರೆ. ಯಾರೂ ಅವರನ್ನು 'ಏನು ಕಾಯಿಲೆ' ಎಂದು ವಿಚಾರಿಸಿದ್ದಿಲ್ಲ.