ಕ್ಷಮಿಸಿ, ಕಾಡು ಫುಲ್ ಆಗಿದೆ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಣಿವೆಯಲ್ಲಿ, ರಾತ್ರಿ ತಂಗಲು ಕ್ಯಾಂಪ್ 4 ಅಂತ ಒಂದು ಪುಟ್ಟ ಜಾಗ ಇದೆ. ಅಲ್ಲಿ ಟೆಂಟ್ ಮಾತ್ರ. ಮನೆಯನ್ನೇ ಚಕ್ರದ ಮೇಲೆ ಕಟ್ಟಿಕೊಂಡು ಬರುವ ಆರ್‌ವಿಗಳಿಗೆ ಪ್ರವೇಶ ಇಲ್ಲ. ನಾಯಿಗೂ ಇಲ್ಲ. ಊರ ಗಡಿಬಿಡಿ ಬಿಟ್ಟು ಎರಡು ದಿನ ನೆಮ್ಮದಿಯಾಗಿರೋಣ ಅನ್ನುವವರಿಗೆ ಹೇಳಿ ಮಾಡಿಸಿದ ಜಾಗ. ಈ ನೆಮ್ಮದಿ ಶುರುವಾಗುವುದು ಬೆಳಿಗ್ಗೆ 6 ಗಂಟೆ 59 ನಿಮಿಷಕ್ಕೆ, ಲ್ಯಾಪ್‌ಟಾಪ್ ಎದುರು.

ಬೇಸಿಗೆಯಲ್ಲಿ ಇಲ್ಲಿ ಮಲಗಬೇಕಾದರೆ ಒಂದು ವಾರ ಮೊದಲು, ಸರಿಯಾಗಿ 7ಕ್ಕೆ, ಬುಕಿಂಗ್ ಸೈಟಿನಲ್ಲಿ ಹಾಜರಿರಬೇಕು. ಅದೇ ಕಣಿವೆಯ ಇನ್ನೊಂದು ಕ್ಯಾಂಪ್ ಅಪ್ಪರ್ ಪೈನ್ಸ್‌ನದು ಇನ್ನೂ ದೂರದೃಷ್ಟಿ. ಅಲ್ಲಿ ಐದು ತಿಂಗಳು ಮೊದಲು, 15ನೇ ತಾರೀಖು, ಅದೇ 7 ಗಂಟೆ. ಅಂದರೆ ಫೆಬ್ರವರಿ ಚಳಿಯಲ್ಲಿ ಕಂಬಳಿ ಹೊದ್ದು ಕೂತು, ಜುಲೈ ಕೊನೆಯ ಶನಿವಾರ ನಮಗೆ ಕಾಡು ನೋಡುವ ಆಸೆಯಾಗುತ್ತದೆ ಎಂದು ತೀರ್ಮಾನ ಮಾಡಿಬಿಡಬೇಕು.

ನಾವು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಬೇ ಏರಿಯಾ ಕನ್ನಡಿಗರು ಇದಕ್ಕೆಲ್ಲ ಹೆದರುವವರಲ್ಲ. ತತ್ಕಾಲ್ ಟಿಕೆಟಿನಲ್ಲಿ ಪಳಗಿದ ಬೆರಳುಗಳು ನಮ್ಮವು. ನನ್ನ ಕೈಲಿ ಲ್ಯಾಪ್‌ಟಾಪ್, ಹೆಂಡತಿಯ ಕೈಲಿ ಟ್ಯಾಬ್, ಮಗಳ ಕೈಲಿ ಫೋನ್. ಊರಿಂದ ಬಂದ ಅಪ್ಪನಿಗೆ ಗಡಿಯಾರ ನೋಡುವ ಕೆಲಸ.

"ಏಳಾಯ್ತು, ಒತ್ತೋ!"

ಒತ್ತಿದೆ. ಮುಗಿದಿತ್ತು.

"ಏನಕ್ಕೋ ಇಷ್ಟು ನೂಕುನುಗ್ಗಲು?" ಅಪ್ಪ ಕೇಳಿದರು. ಮರದ ಕೆಳಗೆ ನೆಲದ ಮೇಲೆ ಮಲಗುವುದಕ್ಕೆ ಅಂದೆ. ತಲೆಗೆ, ರಾತ್ರಿಗೆ 10 ಡಾಲರ್ ಅಂತಲೂ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಪುಕ್ಕಟೆ ಮಲಗಬಹುದಿತ್ತಲ್ಲೋ. ಅದಕ್ಕೆ ಎಂಜಿನಿಯರಿಂಗ್ ಯಾಕೆ ಓದಬೇಕಿತ್ತು?"

ತಮಾಷೆ ಅಂದರೆ, ಈ ಜಾಗಕ್ಕೆ ಹೆಸರು ಬಂದದ್ದೇ ಯಾವ ಶಿಸ್ತಿಗೂ ಬಗ್ಗದವರಿಂದ. 1950, 60ರ ದಶಕದಲ್ಲಿ ಬಂಡೆ ಹತ್ತುವ ಹುಡುಗರು ಇಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡಿರುತ್ತಿದ್ದರು. ಕೆಲಸ ಇಲ್ಲ, ಕಾಸಿಲ್ಲ, ಎದುರಿಗೆ ಎಲ್ ಕ್ಯಾಪಿಟನ್‌ನಂಥ ಕಡಿದಾದ ಬಂಡೆಗೋಡೆಗಳು. ಇವಾನ್ ಶೂನಾರ್ಡ್ ಎಂಬಾತ ಬಂಡೆ ಹತ್ತುವಾಗ ಬಿರುಕಿಗೆ ಹೊಡೆಯಲು ತಾನೇ ಕಾಯಿಸಿ ಬಡಿದ ಕಬ್ಬಿಣದ ಮೊಳೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾರುತ್ತಿದ್ದ. ಮುಂದೆ ಪಟಗೋನಿಯಾ ಕಂಪನಿ ಕಟ್ಟಿದವನು ಇವನೇ. ಈಗ ಅವನ ಕಂಪನಿಯ ಜಾಕೆಟ್ ತೊಟ್ಟುಕೊಂಡೇ ನಮ್ಮ ಟೆಕ್ಕಿಗಳು ರಿಫ್ರೆಶ್ ಒತ್ತುತ್ತಾ ಕೂರುತ್ತಾರೆ. ಆ ಸೋಂಬೇರಿಗಳ ನೆನಪಿಗೆ ಸರ್ಕಾರ 2003ರಲ್ಲಿ ಕ್ಯಾಂಪ್ 4ಅನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿತು. ಗೌರವ ದೊಡ್ಡದು. ಆದರೆ ಅವರಂತೆ ಇರಲು ಹೋಗಬೇಡಿ. ಬೇಸಿಗೆಯಲ್ಲಿ ಕಣಿವೆಯೊಳಗೆ 7 ರಾತ್ರಿಗಿಂತ ಜಾಸ್ತಿ ಉಳಿಯುವಂತಿಲ್ಲ.

ಅಪ್ಪಿತಪ್ಪಿ ಜಾಗ ಸಿಕ್ಕಿತು ಅಂದುಕೊಳ್ಳಿ. ಆಮೇಲೆ ಕರಡಿಯ ಕಾಟ. ವಾಸನೆ ಬರುವುದೆಲ್ಲ ಕಬ್ಬಿಣದ ಲಾಕರಿನೊಳಗೆ ಹೋಗಬೇಕು. ಊಟ ಮಾತ್ರ ಅಲ್ಲ, ಸೋಪು, ಟೂತ್‌ಪೇಸ್ಟ್ ಕೂಡ. ಪಾರ್ಕಿನ ಲಾಕರ್ ಸಾಮಾನ್ಯವಾಗಿ 18 ಇಂಚು ಎತ್ತರ. ಇದನ್ನು ಮಾಡಿಸಿದವರು ಕನ್ನಡಿಗರ ಪ್ರವಾಸ ನೋಡಿದವರಲ್ಲ. ಹುಳಿಯನ್ನ, ಚಟ್ನಿಪುಡಿ, ಚಕ್ಕುಲಿ ಡಬ್ಬ, ಮೊಸರು, ಮೂರು ಥರ ಉಪ್ಪಿನಕಾಯಿ. ಇಂಗಿನ ಡಬ್ಬಿ ಹೊರಗೆ ಉಳಿದರೆ ಕರಡಿ ಹತ್ತಿರ ಬರುತ್ತದೋ, ಕಣಿವೆ ಬಿಟ್ಟೇ ಓಡುತ್ತದೋ, ರೇಂಜರನ್ನೇ ಕೇಳಬೇಕು. ಸುಮ್ನೆ ಕಾರಲ್ಲಿ ಮಲಗ್ತೀವಿ ಅಂದರೆ ಅದೂ ತಪ್ಪು.

ಸಿಗದವರಿಗೂ ದಾರಿ ಉಂಟು. ಯಾರಾದರೂ ಬುಕಿಂಗ್ ಕ್ಯಾನ್ಸಲ್ ಮಾಡಿದರೆ ತಕ್ಷಣ ಮೆಸೇಜ್ ಕಳಿಸುವ ಆ್ಯಪ್‌ಗಳಿವೆ, ಅದಕ್ಕೂ ದುಡ್ಡು. ಮೆಸೇಜ್ ನೂರು ಜನಕ್ಕೆ ಹೋಗುತ್ತದೆ, ಜಾಗ ಒಂದೇ. ನನಗೆ ಎರಡು ಸಲ ಬಂತು. ಒಂದು ಸಲ ಮೀಟಿಂಗಿನಲ್ಲಿದ್ದೆ, ಇನ್ನೊಂದು ಸಲ ಸ್ನಾನದಲ್ಲಿ.

ಕೊನೆಗೆ ಮಗಳ ಹಟಕ್ಕೆ ಸೋತು ಮನೆಯ ಹಿತ್ತಲಲ್ಲೇ ಟೆಂಟ್ ಹಾಕಿದೆ. ಅಪ್ಪನೂ ಒಳಗೆ ತೂರಿಕೊಂಡರು. ಚೆನ್ನಾಗಿ ನಿದ್ದೆ ಬಂತು. ಮರುದಿನ ಬಡಾವಣೆಯ ಸಂಘದಿಂದ ಪತ್ರ ಬಂತು: ಹಿತ್ತಲಲ್ಲಿ ಟೆಂಟ್ ಹಾಕಲು 14 ದಿನ ಮೊದಲು ಅರ್ಜಿ ಸಲ್ಲಿಸತಕ್ಕದ್ದು.

ಅಪ್ಪ ಕನ್ನಡಕ ಏರಿಸಿಕೊಂಡರು. "ಇದಕ್ಕೂ ಏಳಕ್ಕೇ ಒತ್ತಬೇಕೇನೋ?"