ಮೇಲೊಂದು ಮುಖ, ಕೆಳಗೆಲ್ಲ ಬಾಯಿ

ಫೋಟೋದಲ್ಲಿ ಮೇಲಿದ್ದವಳು ಚೆಂದದ ಹುಡುಗಿ. ನೀಲಿ ಕೂದಲು, ದೊಡ್ಡ ಕಣ್ಣು, ಮುಖದಲ್ಲಿ ಸ್ವಲ್ಪ ಕೋಪ. ಅವಳ ಕೆಳಗೆ ಒಂದು ದಪ್ಪ ಕಟ್ಟು, ಅದರ ಅಂಚು ಮಾತ್ರ ಕಾಣಿಸುತ್ತಿತ್ತು. ‘ಅನಿಮೇಷನ್ ಸೆಲ್‌ಗಳು, ಹಲವು ಬಗೆ, ಸುಮಾರು ನೂರು, ಎಲ್ಲ ಒಟ್ಟಿಗೆ’ ಅಂತ ಮಾರುವವ ಬರೆದಿದ್ದ. ಸೆಲ್ ಅಂದರೆ ಕಾರ್ಟೂನಿಗಾಗಿ ಪಾರದರ್ಶಕ ಹಾಳೆಯ ಮೇಲೆ ಕೈಯಲ್ಲಿ ಬಣ್ಣ ಹಚ್ಚಿದ ಚಿತ್ರ. ನೂರರಲ್ಲಿ ಒಂದು ಇಷ್ಟು ಚೆನ್ನಾಗಿದ್ದರೆ ಉಳಿದ ತೊಂಬತ್ತೊಂಬತ್ತು ಹೇಗಿರಬಹುದು ಅಂತ ಯಾರಿಗಾದರೂ ಆಸೆ ಹುಟ್ಟುತ್ತದೆ. ಹುಟ್ಟಲಿ ಅಂತಲೇ ಅವಳನ್ನು ಮೇಲಿಟ್ಟಿದ್ದು. ಪೊಟ್ಟಣ ಬಿಚ್ಚಿದರೆ ಕೆಳಗೆಲ್ಲ ಬಾಯಿ.

ಬರೀ ಬಾಯಿ. ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು. ಒಂದೊಂದು ಪಾರದರ್ಶಕ ಹಾಳೆಯ ನಡುವೆ ಉಗುರಿನಷ್ಟು ತುಟಿ, ಸುತ್ತ ಏನೂ ಇಲ್ಲ. ಮೂಗಿಲ್ಲ, ಕೆನ್ನೆಯಿಲ್ಲ, ಯಾರದಿದು ಅಂತ ಗುರುತು ಹಿಡಿಯುವುದಕ್ಕೆ ಒಂದು ಮಚ್ಚೆಯೂ ಇಲ್ಲ. ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಹೆಂಡತಿ ಬಂದು ನೋಡಿ, “ಇಷ್ಟೊಂದು ಬಾಯಿ ಇದೆಯಲ್ಲ ರೀ, ಒಂದಾದ್ರೂ ಇದಕ್ಕೆ ಎಷ್ಟು ಕೊಟ್ರಿ ಅಂತ ಹೇಳತ್ತಾ?” ಅಂದಳು.

ಮಾರುವವನನ್ನು ಬೈಯುವ ಹಾಗೂ ಇಲ್ಲ. ಜಪಾನಿನ ಆನ್‌ಲೈನ್ ಹರಾಜಿನಲ್ಲಿ ಪುಟದ ಕೊನೆಗೆ ‘ನೋ ಕ್ಲೇಮ್, ನೋ ರಿಟರ್ನ್’ ಅಂತ ಒಂದು ಸಾಲು ಇದ್ದೇ ಇರುತ್ತದೆ. ಅದರ ಮೇಲೆ ಇನ್ನೊಂದು ಸಾಲು: ‘ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ, ಮನೆ ಖಾಲಿ ಮಾಡುವಾಗ ಸಿಕ್ಕಿದ್ದು.’ ಏನೂ ಗೊತ್ತಿಲ್ಲವಂತೆ. ನೂರು ಹಾಳೆಯಲ್ಲಿ ಯಾವುದನ್ನು ಮೇಲಿಡಬೇಕು ಅನ್ನುವುದೊಂದು ಮಾತ್ರ ದೇವರ ದಯೆಯಿಂದ ಗೊತ್ತಿತ್ತು.

ಈ ಬಾಯಿಗಳ ಮೂಲ ಹುಡುಕುತ್ತಾ ಹೋದರೆ ಸಿಗುವವರು ಜಪಾನಿನ ಕಾಮಿಕ್ಸ್, ಕಾರ್ಟೂನ್ ಕಲಾವಿದ ತೆಜುಕಾ ಒಸಾಮು. 1963ರ ಜನವರಿ 1ಕ್ಕೆ ಅವರ ‘ಆಸ್ಟ್ರೋ ಬಾಯ್’ ಕಾರ್ಟೂನ್ ಟಿವಿಯಲ್ಲಿ ಶುರುವಾಯಿತು. ವಾರಕ್ಕೊಂದು ಕಂತು, ಪ್ರತಿ ಕಂತು ಅರ್ಧ ಗಂಟೆ. ದುಡ್ಡು ಕಮ್ಮಿ, ಜನ ಕಮ್ಮಿ, ಟೈಮಂತೂ ಇಲ್ಲವೇ ಇಲ್ಲ. ಸೆಕೆಂಡಿಗೆ 24 ಫ್ರೇಮ್ ಓಡುವ ಫಿಲ್ಮಿಗೆ 24 ಚಿತ್ರ ಬರೆಯುತ್ತಾ ಕೂತರೆ ಆ ವಾರದ ಕಂತು ಮುಂದಿನ ವರ್ಷ ಬಂದೀತು. ಹಾಗಾಗಿ ಒಂದು ಚಿತ್ರವನ್ನೇ ಮೂರು ಫ್ರೇಮ್ ಹಿಡಿದರು, 24 ಇದ್ದದ್ದು 8 ಆಯಿತು. ಒಮ್ಮೆ ಬರೆದ ಓಟ, ಹಾರಾಟ ಎಲ್ಲವನ್ನೂ ಎತ್ತಿಟ್ಟು ಮತ್ತೆ ಮತ್ತೆ ಬಳಸಿದರು. ಮಾತಾಡುವಾಗ ಇಡೀ ಮುಖ ಯಾಕೆ ಅಲ್ಲಾಡಬೇಕು, ಮುಖದ ಹಾಳೆ ಹಾಗೇ ಇರಲಿ, ಮೇಲೆ ಬಾಯಿಯ ಹಾಳೆ ಬದಲಾಯಿಸಿದರೆ ಸಾಕು ಅಂದರು. ಅಮೆರಿಕದ ಟಿವಿಯವರು ಇಂಥ ಉಳಿತಾಯವನ್ನು ಅದಕ್ಕೂ ಮುಂಚೆಯೇ ಮಾಡುತ್ತಿದ್ದರು, ಅದೂ ನಿಜ. ಆದರೆ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು ಜಪಾನಿನ ಉಳಿತಾಯ. ತೆಜುಕಾ ಉಳಿಸಿದರು, ನಾನು ಖರ್ಚು ಮಾಡುತ್ತಿದ್ದೇನೆ.

ಬಿಡಿಯಾಗಿ ಒಂದೊಂದೇ ಕೊಳ್ಳುವವರಿಗೆ ಈ ಕಾಟ ಇಲ್ಲ. ಟೋಕಿಯೋದಲ್ಲಿ ನಕಾನೊ ಬ್ರಾಡ್‌ವೇ ಅಂತ 1966ರ ಹಳೆಯ ಕಟ್ಟಡ ಇದೆ, ಅಲ್ಲಿನ ಅಂಗಡಿಗಳಲ್ಲಿ ಸೆಲ್‌ಗಳನ್ನು ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಬೆಲೆ ಚೀಟಿ ಅಂಟಿಸಿ ಇಟ್ಟಿರುತ್ತಾರೆ. ನೋಡಬಹುದು, ಆರಿಸಬಹುದು, ಬೆಲೆ ನೋಡಿ ಹಾಗೇ ವಾಪಸ್ ಇಡಬಹುದು. ಆರಿಸುವವರಿಗೆ ಅವರದೇ ಲೆಕ್ಕಾಚಾರ ಇದೆ. ಪಾತ್ರ ಮುಖ್ಯದ್ದಾಗಿರಬೇಕು, ಮುಖ ನಮ್ಮ ಕಡೆ ತಿರುಗಿರಬೇಕು, ಕಣ್ಣು ತೆರೆದಿರಬೇಕು. ಕಣ್ಣು ಮುಚ್ಚಿದ್ದರೆ ಬೆಲೆ ಬಿತ್ತು. ಅಂದರೆ ನಾಯಕಿ ರೆಪ್ಪೆ ಬಡಿದಳು ಅನ್ನುವ ಒಂದೇ ತಪ್ಪಿಗೆ ಅವಳು ಅಗ್ಗವಾಗಿಬಿಟ್ಟಳು. ಬೆನ್ನು ತೋರಿಸಿ ನಡೆದು ಹೋದಳೋ, ಇನ್ನೂ ಅಗ್ಗ. ಇಂಥವರ ಮನೆಗೆ ಹೋಗಿದ್ದೇನೆ. ಗೋಡೆಯ ತುಂಬ ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡುವ ಹುಡುಗಿಯರು. ಕಾಫಿ ಕುಡಿಯುವುದಕ್ಕೂ ಮುಜುಗರ.

ನೀನು ಮಾತ್ರ ಯಾಕೆ ಲಾಟುಗಟ್ಟಲೆ ತೆಗೆದುಕೊಳ್ಳುತ್ತೀಯ ಅಂತ ಸ್ನೇಹಿತರು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವೇ ಇದೆ. ಹೇಳುತ್ತೇನೆ. ಅದಕ್ಕೆ ಮೊದಲು ಅಜ್ಜಿಯ ವಿಷಯ ಹೇಳಿಬಿಡಬೇಕು.

ಅಜ್ಜಿ ಸಿಕ್ಕಿದ್ದು ರೋಬೋಟುಗಳ ಲಾಟಿನಲ್ಲಿ. ನಾನು ಹುಡುಕುತ್ತಿದ್ದದ್ದು ಮೌಗ್ಲಿಯನ್ನು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿತ್ತಲ್ಲ, ತುಮಕೂರಿನ ನಮ್ಮ ಬೀದಿಯಲ್ಲಿ ಹಿಂದಿ ಅಷ್ಟಕ್ಕಷ್ಟೇ ಆದರೂ ಒಬ್ಬ ಹುಡುಗನೂ ಆಟಕ್ಕೆ ಹೊರಗೆ ಸಿಗುತ್ತಿರಲಿಲ್ಲ, ಆ ಜಂಗಲ್ ಬುಕ್. ಅದು ನಿಪ್ಪಾನ್ ಅನಿಮೇಷನ್‌ನವರು 1989ರಲ್ಲಿ ಇಲ್ಲೇ ಟೋಕಿಯೋದಲ್ಲಿ ಶುರುಮಾಡಿದ 52 ಕಂತಿನ ಸರಣಿ ಅಂತ ನನಗೆ ತಿಳಿದದ್ದು ಇದೇ ಊರಿನ ನಿಶಿ ಕಸಾಯಿ ಬಡಾವಣೆಗೆ ಬಂದು ಮನೆ ಮಾಡಿದ ಮೇಲೆ. ಇವತ್ತಿನವರೆಗೆ ನನ್ನ ಪಾಲಿಗೆ ಬಂದದ್ದು ಬಾಲೂ ಕರಡಿಯ ಹಿಂಭಾಗ, ಅದೂ ಅರ್ಧ. ಅದಿರಲಿ.

ರೋಬೋಟಿನ ತೋಳು, ರೋಬೋಟಿನ ಕಾಲು, ಒಂದಿಷ್ಟು ಹೊಗೆ, ನಡುವೆ ಈ ಅಜ್ಜಿ. ಬೂದು ಬಣ್ಣದ ಕಿಮೋನೊ, ಹಿಂದೆ ಸಣ್ಣ ಗಂಟು, ಒಂದು ಮಂಡಿ ನೆಲದ ಮೇಲೆ, ಒಂದು ಕೈ ನೆಲಕ್ಕೆ ಊರಿದ್ದಾಳೆ. ಹಾಳೆಯ ಮೂಲೆಯಲ್ಲಿ ‘ಎ4’ ಅಂತ ನಂಬರ್ ಬರೆದಿತ್ತು. ಇನ್ನೂ ಕೆದಕಿದರೆ ಎ5 ಸಿಕ್ಕಿತು, ಎ9 ಸಿಕ್ಕಿತು. ಒಂದರ ಮೇಲೊಂದು ಇಟ್ಟು ಹೆಬ್ಬೆರಳಿನಲ್ಲಿ ಹಾರಿಸಿದರೆ ಅಜ್ಜಿ ನೆಲದಿಂದ ಏಳುತ್ತಿದ್ದಾಳೆ. ಯಾವ ಸರಣಿಯವಳು ಅಂತ ಯಾರಿಗೂ ತಿಳಿಯಲಿಲ್ಲ. ಈ ವಿಷಯದಲ್ಲಿ ನನಗಿಂತ ಬಲ್ಲವರೊಬ್ಬರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಹಿನ್ನೆಲೆಯಲ್ಲಿ ಬರುವವಳು” ಅಂತ ಹೇಳಿ ವಾಪಸ್ ಕೊಟ್ಟರು. ಮುಖ್ಯ ಪಾತ್ರ ಮಾತಾಡುವಾಗ ಹಿಂದೆ ಎದ್ದು ಹೋಗುವವಳು. ಮುಖ್ಯ ಪಾತ್ರ ಬರೀ ಬಾಯಿ ಆಡಿಸಿತು, ಪೂರ್ತಿ ಮೈ ಬಗ್ಗಿಸಿ ಕೆಲಸ ಮಾಡಿದವಳು ಇವಳು.

ಬಾಕಿ ಅಜ್ಜಿ ಎಲ್ಲಿ? ಅದೇ ಮಾರುವವನ ಇನ್ನೊಂದು ಲಾಟಿನ ಫೋಟೋ ದೊಡ್ಡದು ಮಾಡಿ ನೋಡಿದರೆ ಕಟ್ಟಿನ ಅಂಚಿನಲ್ಲಿ ಬೂದು ಬಣ್ಣದ ತೋಳು! ಅದಕ್ಕೂ ಮುಂದಿನದರಲ್ಲಿ ಗಂಟು. ಆ ಪುಣ್ಯಾತ್ಮ ಒಂದೇ ದೃಶ್ಯದ ಹಾಳೆಗಳನ್ನು ಇಸ್ಪೀಟ್ ಎಲೆ ಹಂಚಿದ ಹಾಗೆ ತನ್ನ ಅಷ್ಟೂ ಲಾಟುಗಳಿಗೆ ಹಂಚಿಬಿಟ್ಟಿದ್ದ.

ಇಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಸ್ಟುಡಿಯೋದಲ್ಲಿ ಒಂದು ಕಟ್‌ಗೆ, ಅಂದರೆ ಒಂದು ಶಾಟ್‌ಗೆ, ಒಂದು ಲಕೋಟೆ ಅಂತ ಇರುತ್ತಿತ್ತು. ಸೆಲ್‌ಗಳು, ಅವುಗಳ ಪೆನ್ಸಿಲ್ ಚಿತ್ರಗಳು, ಯಾವ ಹಾಳೆಯನ್ನು ಎಷ್ಟು ಫ್ರೇಮ್ ಹಿಡಿಯಬೇಕು ಅಂತ ಕ್ಯಾಮೆರಾದವರಿಗೆ ಹೇಳುವ ಟೈಮ್ ಶೀಟ್, ಎಲ್ಲ ಅದರಲ್ಲೇ. ಶೂಟಿಂಗ್ ಮುಗಿದ ಮೇಲೆ ಅದು ಕಸ. ಎಷ್ಟೋ ಕಡೆ ಕಸದ ಲಾರಿಗೇ ಹೋಯಿತು, ಅಮೆರಿಕದಲ್ಲಿ ಒಂದು ಕಾಲಕ್ಕೆ ಬಣ್ಣ ತೊಳೆದು ಅದೇ ಹಾಳೆಯ ಮೇಲೆ ಇನ್ನೊಂದು ಚಿತ್ರ ಬರೆದರು. ಅವರನ್ನು ನಾನು ಬೈಯುವುದಿಲ್ಲ, ಅವರಿಗೆ ನಾಳೆಯ ಕಂತಿನ ಚಿಂತೆ. ಯಾರೋ ಒಬ್ಬರು ಅಯ್ಯೋ ಅಂತ ಎತ್ತಿಟ್ಟರು, ಹತ್ತಾರು ವರ್ಷ ಅಲಮಾರಿನಲ್ಲಿ ಕಾಪಾಡಿದರು. ಆಮೇಲೆ ಬಂದ ಈ ವ್ಯಾಪಾರಿ, ಮುಖ ಕಾಣುವ ಹಾಳೆ ಬಿಡಿಯಾಗಿ ಜಾಸ್ತಿ ಬೆಲೆಗೆ, ಪೆನ್ಸಿಲ್ ಚಿತ್ರ ಬೇರೆ, ಟೈಮ್ ಶೀಟ್ ಯಾರಿಗೆ ಬೇಕು ಅಂತ ಬುಟ್ಟಿಗೆ, ಉಳಿದ ಕೈಕಾಲು ಬಾಯಿ ಎಲ್ಲ ಕಲಸಿ ಲಾಟು. ಕಸದ ಲಾರಿಯವನು ಕೂಡ ಒಟ್ಟಿಗೆ ಒಯ್ಯುತ್ತಿದ್ದನಲ್ಲ ಸ್ವಾಮಿ! ಇನ್ನು ಹೊಸದಾಗಿ ಬರೆಯುವವರೂ ಇಲ್ಲ. ತೊಂಬತ್ತರ ದಶಕದ ಕೊನೆಗೆ ಒಬ್ಬೊಬ್ಬರೇ ಕಂಪ್ಯೂಟರಿಗೆ ಹೋದರು. 1969ರಿಂದ ನಡೆಯುತ್ತಿರುವ ‘ಸಜಾಯೆ-ಸಾನ್’ ಸರಣಿಯವರು ಮಾತ್ರ ಹಟ ಹಿಡಿದು 2013ರವರೆಗೆ ಸೆಲ್ ಮೇಲೇ ಬರೆದರು. ಈಗ ಅದೂ ಇಲ್ಲ.

ಮಾರುವವನಿಗೆ ಪತ್ರ ಬರೆದೆ. ರೋಬೋಟು ನಿಮ್ಮಲ್ಲೇ ಇರಲಿ, ಅಜ್ಜಿಯನ್ನು ಮಾತ್ರ ಕೊಡಿ, ಬೆಲೆ ನೀವೇ ಹೇಳಿ ಅಂದೆ. ನಾಲ್ಕು ಸಾಲಿನ ಉತ್ತರ ಬಂತು. ಮೂರು ಸಾಲು ಕ್ಷಮೆ, ಒಂದು ಸಾಲು ಆಗುವುದಿಲ್ಲ. ಸರಿ, ಹರಾಜಿಗೇ ಇಳಿದೆ. ಅಲ್ಲಿ ಇನ್ನೊಬ್ಬ ಇದ್ದ. ನಾನು ಏರಿಸಿದಷ್ಟೂ ಅವನು ಏರಿಸುತ್ತಾನೆ. ನನಗೆ ಬೇಕಾದದ್ದು ಅಜ್ಜಿಯ ಮಂಡಿ, ಅವನಿಗೆ ರೋಬೋಟಿನ ತೋಳು. ಹೆಸರು, ಮುಖ ಯಾವುದೂ ತಿಳಿಯದೆ ಇಬ್ಬರೂ ಮಧ್ಯರಾತ್ರಿವರೆಗೆ ಬಡಿದಾಡಿದೆವು. ಕೊನೆಯ ನಿಮಿಷಗಳಲ್ಲಿ ಯಾರಾದರೂ ಬಿಡ್ ಹಾಕಿದರೆ ಹರಾಜು ಇನ್ನಷ್ಟು ಹೊತ್ತು ತಾನಾಗೇ ಬೆಳೆಯುತ್ತದೆ, ಆ ನಿಯಮ ಮಾಡಿದವನಿಗೆ ನಿದ್ದೆ ಬರುತ್ತಿರಲಿಲ್ಲ ಅಂತ ಕಾಣುತ್ತದೆ. ಕೆಲವು ನಾನು ಗೆದ್ದೆ, ಕೆಲವು ಅವನು. ಹೀಗೆ ಅಜ್ಜಿ ಎ1ರಿಂದ ಎ12ರವರೆಗೆ ಬಂದಳು, ನಡುವೆ ಎ7 ಒಂದು ಬಿಟ್ಟು. ಎ6ರಲ್ಲಿ ಬಗ್ಗಿದ್ದಾಳೆ, ಎ8ರಲ್ಲಿ ಮಂಡಿ ನೆಲ ಬಿಟ್ಟಿದೆ. ಹಾರಿಸಿ ನೋಡಿದರೆ ಆ ಜಾಗದಲ್ಲಿ ಅಜ್ಜಿ ಚಂಗನೆ ನೆಗೆಯುತ್ತಾಳೆ.

ಇಷ್ಟು ಹೊತ್ತಿಗೆ ಅತ್ತೆ ತುಮಕೂರಿನಿಂದ ಬಂದಿದ್ದರು. ಜೂನ್ ತಿಂಗಳು, ಜಪಾನಿನ ಜಡಿಮಳೆ, ಗೋಡೆಯೆಲ್ಲ ತೇವ. ಬಂದವರೇ ಮೂಗು ಅರಳಿಸಿ, “ಮನೇಲಿ ಯಾವುದೋ ಉಪ್ಪಿನಕಾಯಿ ಕೆಟ್ಟಿದೆ” ಅಂದರು. ಅಡುಗೆಮನೆ ಪೂರ್ತಿ ಹುಡುಕಿದರು. ಕೊನೆಗೆ ನನ್ನ ಪೆಟ್ಟಿಗೆ ಹತ್ತಿರ ಬಂದು ನಿಂತರು. ಸೆಲ್‌ನ ಅಸಿಟೇಟ್ ಪ್ಲಾಸ್ಟಿಕ್ ಹಾಳೆ ಹಳತಾಗಿ ಕೆಡುವಾಗ ವಿನೆಗರ್ ವಾಸನೆ ಬರುತ್ತದೆ, ಸೆಖೆ ಮತ್ತು ತೇವ ಇದ್ದರೆ ಬೇಗ, ಕೆಟ್ಟದ್ದರಿಂದ ಏಳುವ ಆಮ್ಲ ಪಕ್ಕದ ಹಾಳೆಯನ್ನೂ ಕೆಡಿಸುತ್ತದೆ. ಲಾಟಿನಲ್ಲಿ ಇದೂ ಉಚಿತವಾಗಿ ಬರುತ್ತದೆ, ಫೋಟೋದಲ್ಲಿ ವಾಸನೆ ಕಾಣುವುದಿಲ್ಲವಲ್ಲ. ಕೆಟ್ಟದ್ದನ್ನು ಬೇರೆ ಮಾಡೋಣ ಅಂತ ಎಲ್ಲ ಹೊರಗೆ ಹರಡಿದೆ. ಕೆಲವದರಲ್ಲಿ ಪೆನ್ಸಿಲ್ ಚಿತ್ರದ ಕಾಗದ ಹಿಂದಿನ ಬಣ್ಣಕ್ಕೆ ಅಂಟಿಕೊಂಡಿತ್ತು, ಕಿತ್ತರೆ ಬಣ್ಣವೂ ಬರುತ್ತದೆ, ಹಾಗೇ ಬಿಟ್ಟೆ. ಪೆನ್ಸಿಲ್ ಚಿತ್ರದಿಂದ ಹಾಳೆಗೆ ಯಂತ್ರದಲ್ಲಿ ಇಳಿಸಿದ ಕಪ್ಪು ಗೆರೆಗಳು ಎಷ್ಟೋ ಕಡೆ ಮಾಸಿದ್ದವು. ರೋಬೋಟು ಕೆಟ್ಟಿತ್ತು, ಅಜ್ಜಿ ಗಟ್ಟಿ.

ಅತ್ತೆಗೆ ಅಜ್ಜಿಯನ್ನು ಹಾರಿಸಿ ತೋರಿಸಿದೆ. ಇನ್ನೊಮ್ಮೆ ತೋರಿಸಿ ಅಂದರು. ಆಮೇಲೆ, “ಅಳಿಯಂದ್ರೇ, ಇವಳು ಏಳ್ತಾ ಇಲ್ಲ. ಕೂತ್ಕೋತಾ ಇದಾಳೆ” ಅಂದರು.

“ನಂಬರ್ ನೋಡಿ ಅತ್ತೆ. ಒಂದರಿಂದ ಹನ್ನೆರಡು. ಒಂದರಲ್ಲಿ ಕೂತಿದ್ದಾಳೆ, ಹನ್ನೆರಡರಲ್ಲಿ ನಿಂತಿದ್ದಾಳೆ.”

“ನಂಬರ್ ಹಾಕಿದವರಿಗೆ ಮಂಡಿನೋವಿತ್ತಾ?”

ಇದಕ್ಕೆ ಏನು ಹೇಳುವುದು? ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ತತಾಮಿ ಚಾಪೆಯ ಮೇಲೆ ನಿಂತು ಮಾಡಿ ತೋರಿಸಿದರು. ಕೂರುವಾಗ ಮೊದಲು ಕೈ ಮುಂದೆ ಬರುತ್ತದೆ, ಬೆರಳು ಅಗಲ ಆಗುತ್ತದೆ, ನೆಲ ಎಲ್ಲಿದೆ ಅಂತ ಹುಡುಕುತ್ತದೆ, ಆಮೇಲೆ ಮಂಡಿ. ಏಳುವಾಗ ಕೈ ನೆಲದಲ್ಲಿ ಇರುವುದಿಲ್ಲ, ತೊಡೆಯ ಮೇಲಿರುತ್ತದೆ, ಇಲ್ಲವೇ ಗೋಡೆ ಹಿಡಿದಿರುತ್ತದೆ, ಜೊತೆಗೆ ಬಾಯಲ್ಲಿ “ಅಮ್ಮಾ” ಅಂತ ಇರುತ್ತದೆ. “ನೋಡಿ, ಇವಳ ಬೆರಳು ನೋಡಿ. ಬರೆದವನು ಅವನ ಅಜ್ಜಿ ಕೂತ್ಕೊಳ್ಳೋದನ್ನ ಸರಿಯಾಗಿ ನೋಡಿದಾನೆ. ನೀವು ಉಲ್ಟಾ ಓಡಿಸ್ತಾ ಇದೀರ.”

ತೊಂದರೆ ಏನೆಂದರೆ ಅತ್ತೆ ಹೇಳಿದ್ದು ಸಾಧ್ಯ. ನಂಬರು ಹಾಳೆಯದು, ಓಟದ್ದಲ್ಲ. ಯಾವ ಹಾಳೆ ಮೊದಲು, ಯಾವುದು ಆಮೇಲೆ ಅನ್ನುವುದು ಟೈಮ್ ಶೀಟಿನಲ್ಲಿರುತ್ತದೆ. ಹನ್ನೆರಡರಿಂದ ಒಂದಕ್ಕೂ ಓಡಿಸಬಹುದು. ಅದೇ ಹಾಳೆಗಳಲ್ಲಿ ಒಮ್ಮೆ ಕೂರಿಸಿ ಒಮ್ಮೆ ಏಳಿಸಲೂಬಹುದು, ಉಳಿತಾಯದ ಜನ ಅದನ್ನು ಬಿಡುವವರೇ ಅಲ್ಲ. ಇಬ್ಬರ ಮಾತೂ ಸರಿಯಿರಬಹುದು ಅಂತ ಅತ್ತೆಗೆ ಹೇಳಿದೆ. “ಇಬ್ಬರದೂ ಹೆಂಗೆ ಸರಿ ಆಗತ್ತೆ?” ಅಂತ ಕೇಳಿ ಅವರು ಒಳಗೆ ಹೋದರು. ನನ್ನ ಮಟ್ಟಿಗೆ ಅವಳು ಈಗಲೂ ಏಳುತ್ತಿದ್ದಾಳೆ. ಎ7ರಲ್ಲಿ ಆ ಕೈ ಎಲ್ಲಿದೆ ಅಂತ ಗೊತ್ತಾದರೆ ಜಗಳ ಅರ್ಧ ತೀರುತ್ತದೆ.

ಅತ್ತೆ ಊರಿಗೆ ವಾಪಸ್ ಹೋದರು. ಈಗ ಫೋನ್ ಮಾಡಿದಾಗ ಮಗಳ ಯೋಗಕ್ಷೇಮ ಆಮೇಲೆ, ಮೊದಲು “ಏಳನೇದು ಸಿಕ್ತಾ?” ಅಂತ ಕೇಳುತ್ತಾರೆ. ಇಲ್ಲ ಅತ್ತೆ, ಅವನ ಹತ್ತಿರ ಇನ್ನೂ ಲಾಟುಗಳಿವೆ, ಯಾವುದರಲ್ಲಿದೆಯೋ ಫೋಟೋದಲ್ಲಿ ಕಾಣುತ್ತಿಲ್ಲ ಅಂದೆ.

“ಹಿಂಗೆ ಒಂದೊಂದೇ ತಗೊಂಡ್ರೆ ಗಿಟ್ಟಲ್ಲ ಅಳಿಯಂದ್ರೇ. ಅವನ ಹತ್ರ ಇರೋದೆಲ್ಲ ಒಂದೇ ಸಲ ತಗೊಂಡ್ಬಿಡಿ. ಚೌಕಾಸಿ ಮಾಡಿ, ಕಮ್ಮಿ ಮಾಡ್ತಾನೆ.”

“ಅಮ್ಮಾ, ನೀನು ಫೋನ್ ಇಡು” ಅಂದಳು ಹೆಂಡತಿ.